ಮ್ಯೂಚುವಲ್ ಫಂಡ್ ಆಡಿಟ್ ವರದಿ: ಬೀಗ ಪರೀಕ್ಷಿಸಿದವರು ಯಾರು ಎಂದು ಓದಿ ತಿಳಿಯುವ ಬಗೆ

ಪ್ರತಿವರ್ಷ ಜುಲೈ ಮುಗಿಯುವ ಹೊತ್ತಿಗೆ ಫಂಡ್ ಕಂಪನಿಯಿಂದ ಒಂದು ಇಮೇಲ್ ಬರುತ್ತದೆ. ಸ್ಕೀಮ್‌ಗಳ ವಾರ್ಷಿಕ ವರದಿ ವೆಬ್‌ಸೈಟ್‌ನಲ್ಲಿದೆ, ಬೇಕಾದವರು ನೋಡಿಕೊಳ್ಳಿ ಎಂಬ ಒಕ್ಕಣೆ. ಬಹುತೇಕರು ಅದನ್ನು ತೆರೆಯುವುದಿಲ್ಲ. ತೆರೆದವರೂ ಆಡಿಟರ್ ಸಹಿ ಕಂಡ ಕೂಡಲೇ ನಿಶ್ಚಿಂತರಾಗಿ ಮುಚ್ಚುತ್ತಾರೆ.

ಆ ಸಹಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದೇ ಇಲ್ಲಿನ ವಿಷಯ. ತಿಜೋರಿಯಲ್ಲಿರುವ ಹಣ ಎಣಿಸುವುದು ಒಂದು ಕೆಲಸ, ತಿಜೋರಿಯ ಬೀಗ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸುವುದು ಇನ್ನೊಂದು. ನಿಮ್ಮ ಸ್ಕೀಮ್‌ನ ಆಡಿಟರ್ ಸಹಿ ಹಾಕಿರುವುದು ಮೊದಲನೆಯದಕ್ಕೆ. ಎರಡನೆಯದರ ಬಗ್ಗೆ ಬಹಿರಂಗವಾಗಿ ಅಭಿಪ್ರಾಯ ಸಿಗುವುದು ಬೇರೊಬ್ಬ ಆಡಿಟರ್ ಬರೆದ ಬೇರೊಂದು ವರದಿಯಲ್ಲಿ. ಅದೂ ನಿಮ್ಮ ಸ್ಕೀಮ್‌ನ ಬಗ್ಗೆ ಅಲ್ಲ, ಸ್ಕೀಮ್ ನಡೆಸುವ ಕಂಪನಿಯ ಬಗ್ಗೆ. ಈ ಎರಡನ್ನೂ ಕೂಡಿಸಿ ಓದಲು ಬಂದರೆ ಉಳಿದದ್ದು ಸುಲಭ. ಸಿಎ ಓದಿರಬೇಕಿಲ್ಲ. ಒಂದು ಸಂಜೆ, ಒಂದು ಕಂಪ್ಯೂಟರ್ ಸಾಕು. ಮೊಬೈಲ್ ಪರದೆಯಲ್ಲಿ ಮಾತ್ರ ಈ ಕೆಲಸಕ್ಕೆ ಕೂರಬೇಡಿ.

ಹೆಜ್ಜೆ 1: ಸರಿಯಾದ ಕಾಗದ ಹುಡುಕಿ

ಬೇಕಾದದ್ದು ಎರಡು ದಾಖಲೆ. ಒಂದು, ನಿಮ್ಮ ಸ್ಕೀಮ್‌ನ ಪೂರ್ಣ ವಾರ್ಷಿಕ ವರದಿ. ಇಮೇಲ್‌ನಲ್ಲಿ ಅನೇಕ ಸಲ ಸಂಕ್ಷಿಪ್ತ ವರದಿಯ ಕೊಂಡಿ ಇರುತ್ತದೆ. ಅದು ಸಾಲದು, ಏಕೆಂದರೆ ನಮಗೆ ಬೇಕಾದ ಟಿಪ್ಪಣಿಗಳು ಪೂರ್ಣ ವರದಿಯಲ್ಲೇ ಇರುವುದು. ಇನ್ನೊಂದು, ಎಎಂಸಿ, ಅಂದರೆ ಆಸ್ತಿ ನಿರ್ವಹಣಾ ಕಂಪನಿಯ ಸ್ವಂತ ವಾರ್ಷಿಕ ವರದಿ. ಎಚ್‌ಡಿಎಫ್‌ಸಿ ಎಎಂಸಿ, ಯುಟಿಐ ಎಎಂಸಿಯಂತೆ ಷೇರುಪೇಟೆಯಲ್ಲಿರುವ ಕಂಪನಿಗಳದ್ದು ಸುಲಭವಾಗಿ ಸಿಗುತ್ತದೆ. ಉಳಿದ ಕಂಪನಿಗಳ ವರದಿಗಾಗಿ ವೆಬ್‌ಸೈಟ್‌ನಲ್ಲಿ ಕಾನೂನು ಪ್ರಕಟಣೆಗಳ ಪುಟಕ್ಕೆ ಹೋಗಿ. ಕಾಣದಿದ್ದರೆ ಹೂಡಿಕೆದಾರರ ಸೇವಾ ವಿಭಾಗಕ್ಕೆ ಒಂದು ಸಾಲು ಬರೆದು ಕೇಳಿ.

ಭಾರತದಲ್ಲಿ ಸ್ಕೀಮ್‌ಗಳ ಲೆಕ್ಕದ ವರ್ಷ ಏಪ್ರಿಲ್‌ನಿಂದ ಮಾರ್ಚ್. ವರ್ಷ ಮುಗಿದ ನಾಲ್ಕು ತಿಂಗಳೊಳಗೆ ವರದಿ ಹೊರಬರಬೇಕು ಎಂಬ ಕಟ್ಟಳೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ 1996ರ ನಿಯಮಾವಳಿಯಿಂದ ಬಂದದ್ದು. ಇಮೇಲ್ ಜುಲೈ ಕೊನೆಗೆ ಬರುವುದು ಅದಕ್ಕೇ.

ಹೆಜ್ಜೆ 2: ವರದಿ ಯಾರಿಗೆ ಬರೆದದ್ದು ನೋಡಿ

ಸ್ಕೀಮ್‌ನ ಆಡಿಟ್ ವರದಿ ಶುರುವಾಗುವುದು ಟ್ರಸ್ಟಿಗಳನ್ನು ಸಂಬೋಧಿಸಿ. ಎಎಂಸಿಯ ಆಡಿಟ್ ವರದಿ ಶುರುವಾಗುವುದು ಸದಸ್ಯರನ್ನು, ಅಂದರೆ ಷೇರುದಾರರನ್ನು ಸಂಬೋಧಿಸಿ. ಇದು ಬರೀ ಮರ್ಯಾದೆಯ ಮಾತಲ್ಲ. ಮ್ಯೂಚುವಲ್ ಫಂಡ್ ಕಾನೂನಿನ ಕಣ್ಣಿನಲ್ಲಿ ಒಂದು ಟ್ರಸ್ಟ್. ನಿಮ್ಮ ದುಡ್ಡು ಇರುವುದು ಆ ಟ್ರಸ್ಟಿನ ಸ್ಕೀಮ್‌ನಲ್ಲಿ. ಎಎಂಸಿ ಶುಲ್ಕ ಪಡೆದು ಅದನ್ನು ನಿರ್ವಹಿಸುವ ಕಂಪನಿ ಅಷ್ಟೆ. ಕಂಪನಿ ಕಾಯ್ದೆಯ ಆಡಿಟ್ ಕಲಮುಗಳು ಕಂಪನಿಗೆ ಅನ್ವಯಿಸುತ್ತವೆ, ಟ್ರಸ್ಟಿಗೆ ಅಲ್ಲ.

ಈಗ ಎರಡೂ ವರದಿಗಳ ಕೊನೆಯಲ್ಲಿರುವ ಆಡಿಟ್ ಸಂಸ್ಥೆಗಳ ಹೆಸರು ಹೋಲಿಸಿ. ಅವು ಬೇರೆ ಬೇರೆ ಇರಬೇಕು. ಸ್ಕೀಮ್‌ನ ಆಡಿಟರ್‌ಗೂ ಎಎಂಸಿಯ ಆಡಿಟರ್‌ಗೂ ಯಾವ ರೀತಿಯ ನಂಟೂ ಇರಕೂಡದು, ಸ್ಕೀಮ್‌ನ ಆಡಿಟರನ್ನು ಟ್ರಸ್ಟಿಗಳೇ ನೇಮಿಸಬೇಕು ಎಂದು 1996ರ ನಿಯಮಾವಳಿ ಸ್ಪಷ್ಟವಾಗಿ ಹೇಳಿತು. ನನ್ನ ಪ್ರಕಾರ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಬುದ್ಧಿವಂತಿಕೆಯ ಕಟ್ಟಳೆ ಇದೇ. ಇದರ ಬಗ್ಗೆ ಮಾತಾಡುವವರು ಮಾತ್ರ ಕಡಿಮೆ.

ಹೆಜ್ಜೆ 3: ಸ್ಕೀಮ್ ವರದಿಯ ಆ ಒಂದು ಸಾಲು

ಮೊದಲು ಅಭಿಪ್ರಾಯದ ಪ್ಯಾರಾ ಓದಿ. ಲೆಕ್ಕಪತ್ರಗಳು ನಿಜವಾದ, ನ್ಯಾಯವಾದ ಚಿತ್ರ ಕೊಡುತ್ತವೆ ಎಂದಷ್ಟೇ ಇದ್ದರೆ ಅದು ತಕರಾರಿಲ್ಲದ ಅಭಿಪ್ರಾಯ. ‘ಕ್ವಾಲಿಫೈಡ್’ ಎಂಬ ಪದ ಕಂಡರೆ ಅಲ್ಲೇ ನಿಂತು ಅದರ ಆಧಾರ ಏನೆಂದು ಪೂರ್ತಿ ಓದಿ. ನಮ್ಮ ಆಡುಮಾತಿನಲ್ಲಿ ಕ್ವಾಲಿಫೈಡ್ ಎಂದರೆ ಪಾಸಾದವನು, ಆಡಿಟ್‌ನಲ್ಲಿ ಅದು ಆಕ್ಷೇಪದ ಗುರುತು. ‘ಎಂಫಸಿಸ್ ಆಫ್ ಮ್ಯಾಟರ್’ ಎಂಬ ಶೀರ್ಷಿಕೆ ಇದ್ದರೆ ಅದು ಆಕ್ಷೇಪವಲ್ಲ, ಆದರೆ ಓದುಗರು ಗಮನಿಸಲೇಬೇಕು ಎಂದು ಆಡಿಟರ್ ಬೆರಳಿಟ್ಟು ತೋರಿಸಿದ ಜಾಗ.

ಆಮೇಲೆ ಕಡತದಲ್ಲಿ ‘ಇಂಟರ್ನಲ್ ಕಂಟ್ರೋಲ್’ ಎಂಬ ಎರಡು ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿ ಹುಡುಕಿ. ಆಡಿಟರ್‌ನ ಹೊಣೆಗಾರಿಕೆಗಳ ಪಟ್ಟಿಯಲ್ಲಿ ಒಂದು ಸಾಲು ಸಿಗುತ್ತದೆ. ಅದರ ಸಾರಾಂಶ ಹೀಗೆ: ಆಡಿಟ್‌ಗೆ ಸಂಬಂಧಿಸಿದ ಆಂತರಿಕ ನಿಯಂತ್ರಣಗಳನ್ನು ಅರ್ಥ ಮಾಡಿಕೊಂಡಿದ್ದೇವೆ, ನಮ್ಮ ಪರೀಕ್ಷೆಗಳನ್ನು ರೂಪಿಸಿಕೊಳ್ಳಲು ಮಾತ್ರ, ಆ ನಿಯಂತ್ರಣಗಳು ಪರಿಣಾಮಕಾರಿಯೇ ಎಂದು ಅಭಿಪ್ರಾಯ ಕೊಡಲು ಅಲ್ಲ. ಇದು ಸಿಎಗಳ ಸಂಸ್ಥೆಯಾದ ಐಸಿಎಐ ಹೊರಡಿಸಿದ ಎಸ್‌ಎ 700 ಎಂಬ ಆಡಿಟ್ ಮಾನದಂಡದಿಂದ ಬಂದ ಸಿದ್ಧ ವಾಕ್ಯ. ಎಲ್ಲ ಫಂಡ್‌ಗಳ ವರದಿಯಲ್ಲೂ ಹೆಚ್ಚುಕಡಿಮೆ ಒಂದೇ ಪದಗಳಲ್ಲಿ ಇರುತ್ತದೆ. ಕಂಡು ಗಾಬರಿಯಾಗಬೇಕಿಲ್ಲ. ಆಡಿಟರ್ ಬೀಗದ ಕಡೆ ಕಣ್ಣು ಹಾಯಿಸಿಲ್ಲ ಎಂದಲ್ಲ, ಅದರ ಬಗ್ಗೆ ಪ್ರಮಾಣಪತ್ರ ಕೊಡುತ್ತಿಲ್ಲ ಎಂದಷ್ಟೇ ಅರ್ಥ.

ಹಾಗಾದರೆ ಆಡಿಟ್ ಮಾಡುವಾಗ ಕಂಡ ಲೋಪಗಳು ಎಲ್ಲಿಗೆ ಹೋಗುತ್ತವೆ? ಎಸ್‌ಎ 265ರ ಪ್ರಕಾರ ಗಣನೀಯ ಲೋಪಗಳನ್ನು ಆಡಿಟರ್ ಲಿಖಿತವಾಗಿ ಆಡಳಿತದ ಹೊಣೆ ಹೊತ್ತವರಿಗೆ, ಇಲ್ಲಿ ಟ್ರಸ್ಟಿಗಳಿಗೆ, ತಿಳಿಸಬೇಕು. ಆ ಪತ್ರ ನಿಮಗೆ ಸಿಗುವುದಿಲ್ಲ. ಎಎಂಸಿಯ ಇಂಟರ್ನಲ್ ಆಡಿಟ್ ವರದಿ, ಕಂಪ್ಯೂಟರ್ ವ್ಯವಸ್ಥೆಗಳ ಸಿಸ್ಟಮ್ ಆಡಿಟ್ ವರದಿ ಇವೂ ಒಳಗಿನವರಿಗಷ್ಟೇ. ಹೊರಗಿನವರಿಗೆ ಇರುವ ಏಕೈಕ ಕಿಟಕಿ ವಾರ್ಷಿಕ ವರದಿಯ ಮೊದಲ ಪುಟಗಳಲ್ಲಿರುವ ಟ್ರಸ್ಟಿಗಳ ವರದಿ. ಎಲ್ಲರೂ ಮಾರುಕಟ್ಟೆ ಸಮೀಕ್ಷೆಯ ಪುಟಗಳೆಂದು ಹಾರಿಸಿಬಿಡುವ ಜಾಗ ಅದು. ನೀವು ಹಾರಿಸಬೇಡಿ.

ಹೆಜ್ಜೆ 4: ಎಎಂಸಿ ವರದಿಯ ಅನುಬಂಧ

ಈಗ ಎರಡನೇ ಕಡತ. 2013ರ ಕಂಪನಿ ಕಾಯ್ದೆಯ 143ನೇ ಕಲಮಿನ 3ನೇ ಉಪಕಲಮಿನಲ್ಲಿ ಒಂದು ಬಾಬ್ತು ಇದೆ. ಹಣಕಾಸು ವರದಿಗೆ ಸಂಬಂಧಿಸಿದ ಆಂತರಿಕ ನಿಯಂತ್ರಣಗಳು ಸಾಕಷ್ಟಿವೆಯೇ, ಅವು ನಿಜಕ್ಕೂ ಕೆಲಸ ಮಾಡುತ್ತಿವೆಯೇ ಎಂದು ಕಂಪನಿಯ ಆಡಿಟರ್ ಪ್ರತ್ಯೇಕವಾಗಿ ಅಭಿಪ್ರಾಯ ಕೊಡಬೇಕು. ಸಣ್ಣ ಖಾಸಗಿ ಕಂಪನಿಗಳಿಗೆ 2017ರಲ್ಲಿ ವಿನಾಯಿತಿ ಸಿಕ್ಕಿತು. ದೊಡ್ಡ ಎಎಂಸಿಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಈ ಅಭಿಪ್ರಾಯ ಸಾಮಾನ್ಯವಾಗಿ ಆಡಿಟ್ ವರದಿಯ ಕೊನೆಗೆ ಸೇರಿಸಿದ ಅನುಬಂಧದಲ್ಲಿರುತ್ತದೆ.

ಅನುಬಂಧದಲ್ಲಿ ಮೂರು ಸಂಗತಿ ಗಮನಿಸಿ. ‘ಮಟೀರಿಯಲ್ ವೀಕ್‌ನೆಸ್’ ಎಂಬ ಮಾತು ಇದೆಯೇ? ಇದ್ದರೆ ಲೆಕ್ಕದಲ್ಲಿ ದೊಡ್ಡ ತಪ್ಪು ನುಸುಳಿದರೂ ಕಂಪನಿಯ ವ್ಯವಸ್ಥೆ ಸಕಾಲದಲ್ಲಿ ಹಿಡಿಯಲಾರದು ಎಂಬ ಸಾಧ್ಯತೆಯನ್ನು ಆಡಿಟರ್ ಒಪ್ಪಿಕೊಂಡಂತೆ. ಎರಡನೆಯದು ದಿನಾಂಕ. ಅಭಿಪ್ರಾಯ ಮಾರ್ಚ್ 31ರಂದು ಇದ್ದ ಸ್ಥಿತಿಯ ಬಗ್ಗೆ, ಮುಂದಿನ ವರ್ಷದ ಬಗ್ಗೆ ಅದು ಭರವಸೆ ಅಲ್ಲ. ಮೂರನೆಯದು ನಿಯಂತ್ರಣಗಳ ಸಹಜ ಮಿತಿಗಳ ಪ್ಯಾರಾ. ಒಳಗಿನವರು ಕೈಜೋಡಿಸಿದರೆ ಅಥವಾ ಮೇಲಧಿಕಾರಿಗಳೇ ನಿಯಮ ಮೀರಿದರೆ ತಪ್ಪು ಪತ್ತೆಯಾಗದೆ ಹೋಗಬಹುದು ಎಂದು ಅಲ್ಲಿ ಬರೆದಿರುತ್ತದೆ. ಇದೂ ಸಿದ್ಧ ಒಕ್ಕಣೆಯೇ, ಆದರೂ ಇಡೀ ವರದಿಯಲ್ಲಿ ಇಷ್ಟು ಪ್ರಾಮಾಣಿಕವಾದ ಪ್ಯಾರಾ ಇನ್ನೊಂದಿಲ್ಲ.

ಈ ಅನುಬಂಧ ಎಎಂಸಿಯ ಲೆಕ್ಕದ್ದು. ಸಂಬಳ, ಬಾಡಿಗೆ, ಕಂಪನಿಯ ಸ್ವಂತ ಹೂಡಿಕೆ, ನಿರ್ವಹಣಾ ಶುಲ್ಕದ ಆದಾಯ ಇವುಗಳ ನಿಯಂತ್ರಣ ಅದರ ವಿಷಯ. ಹಾಗಾದರೆ ಯೂನಿಟ್‌ದಾರನಿಗೆ, ಅಂದರೆ ಸ್ಕೀಮ್‌ನಲ್ಲಿ ಹಣ ಹೂಡಿದವನಿಗೆ, ಅದರಿಂದೇನು ಲಾಭ? ನಿರ್ವಹಣಾ ಶುಲ್ಕ ಎಂಬುದು ಸ್ಕೀಮ್‌ನ ಆಸ್ತಿಯ ಶೇಕಡಾವಾರು ಲೆಕ್ಕ. ಶುಲ್ಕ ಸರಿಯೇ ಎಂದು ನೋಡಲು ಆಡಿಟರ್ ಸ್ಕೀಮ್‌ಗಳ ದೈನಂದಿನ ಆಸ್ತಿಯ ಅಂಕಿಗಳ ಕಡೆಗೂ ಹೋಗಲೇಬೇಕು. ಹೀಗೆ ಹಿಂಬಾಗಿಲಿನಿಂದಲಾದರೂ ನಿಮ್ಮ ಸ್ಕೀಮ್‌ನ ಒಂದಿಷ್ಟು ನಿಯಂತ್ರಣ ಆ ಪರೀಕ್ಷೆಯೊಳಗೆ ಬರುತ್ತದೆ. ಪೂರ್ತಿ ಅಲ್ಲ.

ಹೆಜ್ಜೆ 5: ಒಳಗೆ ಏನನ್ನು ಪರೀಕ್ಷಿಸುತ್ತಾರೆ ಎಂದು ತಿಳಿದುಕೊಳ್ಳಿ

ಇಲ್ಲಿ ಸ್ವಲ್ಪ ನಿಧಾನಿಸೋಣ. ಮ್ಯೂಚುವಲ್ ಫಂಡ್‌ನಲ್ಲಿ ಕಾರ್ಖಾನೆ ಇಲ್ಲ, ಸರಕಿನ ದಾಸ್ತಾನು ಇಲ್ಲ. ಎಲ್ಲವೂ ಬಂದು ಸೇರುವುದು ಎನ್‌ಎವಿ ಎಂಬ ಒಂದೇ ಅಂಕಿಯಲ್ಲಿ. ಆಸ್ತಿಗಳ ಮಾರುಕಟ್ಟೆ ಬೆಲೆ, ಬರಬೇಕಾದ ಬಡ್ಡಿ ಮತ್ತು ಡಿವಿಡೆಂಡ್ ಕೂಡಿಸಿ, ಕೊಡಬೇಕಾದ ಖರ್ಚು ಕಳೆದು, ಉಳಿದದ್ದನ್ನು ಯೂನಿಟ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಎನ್‌ಎವಿ. ಹೆಚ್ಚಿನ ಸ್ಕೀಮ್‌ಗಳು ಅದನ್ನು ಆಯಾ ದಿನ ರಾತ್ರಿ 11ರೊಳಗೆ ಫಂಡ್ ಕಂಪನಿಗಳ ಸಂಘವಾದ ಆ್ಯಂಫಿಯ ವೆಬ್‌ಸೈಟ್‌ಗೆ ಏರಿಸಬೇಕು. ಪೇಟೆ ಮುಚ್ಚಿದ ಮೇಲೆ ಕೆಲವೇ ಗಂಟೆ. ಈ ಆತುರದಲ್ಲೇ ನಿಯಂತ್ರಣಗಳ ನಿಜವಾದ ಪರೀಕ್ಷೆ.

ಒಂದು ಲೆಕ್ಕ ಮಾಡಿ ನೋಡೋಣ. ಸ್ಕೀಮ್‌ನ ನಿಜವಾದ ಆಸ್ತಿ 1,000 ಕೋಟಿ ರೂಪಾಯಿ, ಯೂನಿಟ್‌ಗಳು 20 ಕೋಟಿ. ಎನ್‌ಎವಿ 50 ರೂಪಾಯಿ. ಯಾವುದೋ ಬಾಂಡ್‌ಗೆ 10 ಕೋಟಿ ಹೆಚ್ಚು ಬೆಲೆ ಕಟ್ಟಿದರೆ ಎನ್‌ಎವಿ 50.50 ಆಗುತ್ತದೆ. ಅಂದು 1 ಲಕ್ಷ ಯೂನಿಟ್ ಮಾರಿ ಹೊರಟವನು 50,000 ರೂಪಾಯಿ ಹೆಚ್ಚಿಗೆ ಒಯ್ದ. ಕೊಟ್ಟವರು ಯಾರು? ಸ್ಕೀಮ್‌ನಲ್ಲೇ ಉಳಿದವರು. ಯಾರ ಖಾತೆಯಿಂದಲೂ ಹಣ ಕಡಿತವಾದ ಸಂದೇಶ ಬರುವುದಿಲ್ಲ, ಆದರೂ ನಷ್ಟ ಆಗಿಹೋಗಿದೆ. ಮೌಲ್ಯ ಕಟ್ಟುವ ನಿಯಂತ್ರಣಕ್ಕೆ ಆಡಿಟರ್‌ಗಳು ಅಷ್ಟೊಂದು ತಲೆಕೆಡಿಸಿಕೊಳ್ಳುವುದು ಇದಕ್ಕಾಗಿ.

ಷೇರುಗಳಿಗೆ ಪೇಟೆಯ ಮುಕ್ತಾಯದ ಬೆಲೆ ಇದೆ, ಗೊಂದಲ ಕಡಿಮೆ. ತಕರಾರು ಬರುವುದು ದಿನವೂ ವಹಿವಾಟಾಗದ ಸಾಲಪತ್ರಗಳಲ್ಲಿ. ಇವಕ್ಕೆ ಬೆಲೆ ಬರುವುದು ಕ್ರಿಸಿಲ್, ಇಕ್ರಾ ಬಳಗದ ಮೌಲ್ಯಮಾಪನ ಸಂಸ್ಥೆಗಳಿಂದ. ಫಂಡ್ ಕಂಪನಿ ಆ ಬೆಲೆಯನ್ನು ಬಿಟ್ಟು ತನ್ನದೇ ಬೆಲೆ ಹಾಕಿದರೆ ಕಾರಣ ದಾಖಲಿಸಬೇಕು, ಬಹಿರಂಗಪಡಿಸಬೇಕು. ಫಂಡ್‌ನ ವೆಬ್‌ಸೈಟ್‌ನಲ್ಲಿ ಇಂಥ ವ್ಯತ್ಯಾಸಗಳ ಪ್ರಕಟಣೆ ಇದೆಯೇ ಎಂದು ಹುಡುಕಿ. ಸಾಲದ ಫಂಡ್ ಇಟ್ಟುಕೊಂಡವರಿಗೆ ಆಡಿಟ್ ವರದಿಗಿಂತ ಇದೇ ಹೆಚ್ಚು ಮಾತಾಡುತ್ತದೆ.

ಎರಡನೆಯದು ಆಸ್ತಿಯ ಇರುವಿಕೆ. ಪುಸ್ತಕದಲ್ಲಿ ಬರೆದ ಷೇರು, ಬಾಂಡ್ ನಿಜಕ್ಕೂ ಇವೆಯೇ? ಎಲ್ಲವೂ ಡಿಮ್ಯಾಟ್ ಆದ ಕಾಲದಲ್ಲಿ ಇದು ಪೆದ್ದು ಪ್ರಶ್ನೆ ಎನಿಸಬಹುದು. 1992ರ ಷೇರು ಹಗರಣ ನೆನಪಿರುವವರಿಗೆ ಹಾಗೆ ಅನಿಸದು. ಆಗ ಬ್ಯಾಂಕ್ ರಸೀದಿಗಳು ಕೈಬದಲಾಗುತ್ತಿದ್ದವು, ಅವುಗಳ ಬೆನ್ನಿಗೆ ಇರಬೇಕಾದ ಬಾಂಡೇ ಇರಲಿಲ್ಲ. ಬೆಂಗಳೂರಿನ ಕೆನರಾ ಬ್ಯಾಂಕಿನ ಅಂಗಸಂಸ್ಥೆ ಕ್ಯಾನ್‌ಫಿನಾ ಕೂಡ ಆ ಸುಳಿಗೆ ಸಿಕ್ಕಿತ್ತು. ಇದೇ ಬ್ಯಾಂಕ್ 1987ರ ಡಿಸೆಂಬರ್‌ನಲ್ಲಿ ಶುರುಮಾಡಿದ ಕ್ಯಾನ್‌ಬ್ಯಾಂಕ್ ಮ್ಯೂಚುವಲ್ ಫಂಡ್ ಯುಟಿಐ ಹೊರತಾದ ಫಂಡ್‌ಗಳಲ್ಲಿ ದೇಶಕ್ಕೇ ಎರಡನೆಯದು. ಇಂದಿನ ಕೆನರಾ ರೊಬೆಕೊ ಅದರ ಮುಂದುವರಿಕೆ. ಇಂದು ಆಸ್ತಿ ಇರುವುದು ಅದನ್ನು ಕಾಪಾಡಿಡುವ ಪ್ರತ್ಯೇಕ ಸಂಸ್ಥೆ, ಅಂದರೆ ಕಸ್ಟೋಡಿಯನ್ ಬಳಿ. ಆಡಿಟರ್ ಎಎಂಸಿಯ ಮಾತು ನಂಬಿ ಕೂರದೆ ಕಸ್ಟೋಡಿಯನ್‌ನಿಂದ ನೇರವಾಗಿ ದೃಢೀಕರಣ ತರಿಸಿಕೊಂಡು ಪುಸ್ತಕಕ್ಕೆ ತಾಳೆ ಹಾಕುತ್ತಾರೆ.

ಮೂರನೆಯದು ಯೂನಿಟ್‌ಗಳ ಲೆಕ್ಕ. ಇದು ಎಎಂಸಿಯ ಕಚೇರಿಯಲ್ಲಿ ನಡೆಯುವ ಕೆಲಸವೇ ಅಲ್ಲ. ದೊಡ್ಡ ಪಾಲು ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್ ಎಂಬ ರಿಜಿಸ್ಟ್ರಾರ್‌ಗಳ ಕೈಯಲ್ಲಿದೆ. ಎಸ್‌ಐಪಿ ಕಂತು ಬ್ಯಾಂಕಿನಲ್ಲಿ ತಿರಸ್ಕೃತವಾಗಿದ್ದರೂ ಯೂನಿಟ್ ಹಂಚಿಕೆಯಾದರೆ, ಎನ್‌ಎವಿಯ ಭಾಗಾಕಾರದ ಕೆಳಗಿನ ಅಂಕಿಯೇ ತಪ್ಪು. ಹೊರಗಿನ ಸಂಸ್ಥೆಯ ನಿಯಂತ್ರಣವನ್ನು ಫಂಡ್‌ನ ಆಡಿಟರ್ ಹೇಗೆ ನಂಬಬೇಕು? ಇದಕ್ಕೆ ಎಸ್‌ಎ 402 ಎಂಬ ಮಾನದಂಡ ಇದೆ. ರಿಜಿಸ್ಟ್ರಾರ್‌ನ ಆಡಿಟರ್ ಕೊಟ್ಟ ವರದಿಯನ್ನು ಪರಿಶೀಲಿಸಬಹುದು, ಇಲ್ಲವೇ ಸ್ವತಃ ಪರೀಕ್ಷಿಸಬಹುದು. ಆ ವರದಿಯಲ್ಲಿ ಎರಡು ಬಗೆ. ಒಂದು ಬಗೆಯದು ನಿಯಂತ್ರಣ ಒಂದು ದಿನದಂದು ಸರಿಯಾಗಿ ರೂಪುಗೊಂಡಿತ್ತೇ ಎಂದಷ್ಟೇ ಹೇಳುತ್ತದೆ. ಟೈಪ್ 2 ಎಂಬ ಇನ್ನೊಂದು, ಒಂದು ಅವಧಿಯುದ್ದಕ್ಕೂ ಅದು ಕೆಲಸ ಮಾಡಿತೇ ಎಂದು ಪರೀಕ್ಷಿಸಿ ಹೇಳುತ್ತದೆ. ಮುಂದೆ ಪ್ರಶ್ನೆ ಕೇಳುವಾಗ ಈ ‘ಟೈಪ್ 2’ ಉಪಯೋಗಕ್ಕೆ ಬರುತ್ತದೆ.

ಖರ್ಚಿನ ಮಿತಿ, ಬೇಗ ಹೊರಟವರಿಂದ ಹಿಡಿದ ಎಕ್ಸಿಟ್ ಲೋಡ್ ಶುಲ್ಕ ಸ್ಕೀಮ್‌ಗೇ ಮರಳಿತೇ, ಬ್ಯಾಂಕ್ ಖಾತೆಗಳ ತಾಳೆ ಇವೂ ಪಟ್ಟಿಯಲ್ಲಿವೆ. ಅವು ವಾಡಿಕೆಯ ಕೆಲಸ, ಬಿಡಿ.

ಹೆಜ್ಜೆ 6: ಟಿಪ್ಪಣಿಗಳಲ್ಲಿ ನಾಲ್ಕು ಕಡೆ ಗುರುತು ಹಾಕಿ

2023ರ ಏಪ್ರಿಲ್ 1ರಿಂದ ಸ್ಕೀಮ್‌ಗಳ ಲೆಕ್ಕ ಇಂಡ್ ಎಎಸ್ ಎಂಬ ಲೆಕ್ಕಪತ್ರ ಮಾನದಂಡಕ್ಕೆ ಬಂದಿದೆ. ಹಾಗಾಗಿ ಟಿಪ್ಪಣಿಯಲ್ಲಿ ನ್ಯಾಯಬೆಲೆಯ ಮೂರು ಹಂತಗಳ ಕೋಷ್ಟಕ ಸಿಗುತ್ತದೆ. ಹಂತ 1 ಪೇಟೆಯ ನೇರ ಬೆಲೆ. ಹಂತ 2 ಪೇಟೆಯಲ್ಲಿ ಕಾಣುವ ಇತರ ಮಾಹಿತಿಯಿಂದ ಕಟ್ಟಿದ್ದು. ಹಂತ 3 ಅಂದಾಜಿನ ಮೇಲೆ ನಿಂತದ್ದು. ಹಂತ 3ರ ಮೊತ್ತ ಒಟ್ಟು ಆಸ್ತಿಯ ಎಷ್ಟು ಪಾಲು ಎಂದು ಲೆಕ್ಕ ಹಾಕಿ, ಹಿಂದಿನ ವರ್ಷದ್ದಕ್ಕೆ ಹೋಲಿಸಿ. ಏರಿದ್ದರೆ ಕಾರಣ ಕೇಳುವುದು ನಿಮ್ಮ ಹಕ್ಕು.

ಎರಡನೇ ಗುರುತು ಫಂಡ್ ಹುಟ್ಟುಹಾಕಿದ ಪ್ರಾಯೋಜಕರು ಮತ್ತು ಅವರ ಬಳಗದ ಸಂಸ್ಥೆಗಳ ಜೊತೆಗಿನ ವ್ಯವಹಾರ: ದಲ್ಲಾಳಿ ಶುಲ್ಕ, ಕಮಿಷನ್, ಅದೇ ಗುಂಪಿನ ಕಂಪನಿಗಳಲ್ಲಿ ಹೂಡಿಕೆ. ಮೂರನೆಯದು ಯಾರೂ ಕೇಳದೆ ಉಳಿದ ರಿಡೆಂಪ್ಷನ್ (ಯೂನಿಟ್ ಮಾರಿದ) ಮತ್ತು ಡಿವಿಡೆಂಡ್ ಹಣ. ನಾಲ್ಕನೆಯದು ಪ್ರತ್ಯೇಕಿಸಿದ ಬಂಡವಾಳ, ಅಂದರೆ ಕೆಟ್ಟ ಸಾಲಪತ್ರಗಳನ್ನು ಉಳಿದ ಆಸ್ತಿಯಿಂದ ಬೇರೆ ಇಡುವ ಸೈಡ್ ಪಾಕೆಟ್. 2018ರಲ್ಲಿ ಐಎಲ್ ಆ್ಯಂಡ್ ಎಫ್‌ಎಸ್ ಎಂಬ ಹಣಕಾಸು ಕಂಪನಿ ಕುಸಿದ ಮೇಲೆ, ಆ ವರ್ಷದ ಡಿಸೆಂಬರ್‌ನಲ್ಲಿ ಸೆಬಿ ಇದಕ್ಕೆ ಅವಕಾಶ ಕೊಟ್ಟಿತು. ನಿಮ್ಮ ಸ್ಕೀಮ್‌ನಲ್ಲಿ ಅಂಥದ್ದಿದ್ದರೆ ಅದರಿಂದ ಎಷ್ಟು ವಸೂಲಾಯಿತು ಎಂಬುದು ಇಲ್ಲಿ ಗೊತ್ತಾಗುತ್ತದೆ.

ಹೆಜ್ಜೆ 7: ಈ ವರದಿಗಳ ಗಡಿ ಎಲ್ಲಿ

2020ರ ಏಪ್ರಿಲ್ 23ರಂದು ಫ್ರಾಂಕ್ಲಿನ್ ಟೆಂಪಲ್‌ಟನ್ ಆರು ಸಾಲದ ಸ್ಕೀಮ್‌ಗಳನ್ನು ಮುಚ್ಚುವುದಾಗಿ ಹೇಳಿತು. ಆ ಸ್ಕೀಮ್‌ಗಳಲ್ಲಿದ್ದ ಮೊತ್ತ ಸುಮಾರು 25,000 ಕೋಟಿ ರೂಪಾಯಿ. ಸೆಬಿ ಪ್ರತ್ಯೇಕ ಫೊರೆನ್ಸಿಕ್ ಆಡಿಟ್ ಮಾಡಿಸಿ, 2021ರ ಜೂನ್‌ನಲ್ಲಿ ಆದೇಶ ಹೊರಡಿಸಿತು. ಮೌಲ್ಯಮಾಪನ, ಸಾಲಪತ್ರಗಳ ಅವಧಿಯ ಲೆಕ್ಕಾಚಾರ, ಹೂಡುವ ಮುನ್ನ ಮಾಡಬೇಕಾದ ಪರಿಶೀಲನೆ ಇವುಗಳಲ್ಲಿ ಲೋಪಗಳಿವೆ ಎಂದು ಅದರಲ್ಲಿ ಹೇಳಿತು. ಕಂಪನಿ ಮೇಲ್ಮನವಿ ಹೋಯಿತು. ನಮಗಿಲ್ಲಿ ಮುಖ್ಯವಾದದ್ದು ಇಷ್ಟು: ಇಂಥ ಪ್ರಶ್ನೆಗಳನ್ನು ಕೆದಕಲು ಬೇರೆಯದೇ ಆಡಿಟ್ ಬೇಕಾಯಿತು. ಫಂಡ್‌ನ ಆಸ್ತಿಯನ್ನು ಬೇಕೆಂದಾಗ ಮಾರಲು ಆಗುತ್ತದೆಯೇ ಎಂಬುದಕ್ಕೆ ವಾರ್ಷಿಕ ಆಡಿಟ್ ಉತ್ತರ ಕೊಡುವುದಿಲ್ಲ. ಅದಕ್ಕೆ ತಿಂಗಳ, ಸಾಲದ ಫಂಡ್‌ಗಳಲ್ಲಾದರೆ ಹದಿನೈದು ದಿನಕ್ಕೊಮ್ಮೆಯ, ಹೂಡಿಕೆ ಪಟ್ಟಿಯನ್ನೇ ನೋಡಬೇಕು.

ಫ್ರಂಟ್ ರನ್ನಿಂಗ್ ಕೂಡ ಹಾಗೇ. ಫಂಡ್ ಖರೀದಿಸುವ ಮುನ್ನವೇ ಒಳಗಿನವರು ತಮಗಾಗಿ ಖರೀದಿಸಿಟ್ಟರೆ ಫಂಡ್‌ನ ಲೆಕ್ಕಪುಸ್ತಕದಲ್ಲಿ ಏನೂ ತಪ್ಪು ಕಾಣದು. ಬೆಲೆ ನಿಜ, ಷೇರು ನಿಜ, ಬಿಲ್ಲೂ ನಿಜ. 2022ರಲ್ಲಿ ಆಕ್ಸಿಸ್ ಮ್ಯೂಚುವಲ್ ಫಂಡ್‌ನ ಡೀಲಿಂಗ್ ವಿಭಾಗದ ಬಗ್ಗೆ ಇಂಥ ಆರೋಪ ಎದ್ದು ಸೆಬಿ ತನಿಖೆ ನಡೆಯಿತು. 2024ರಲ್ಲಿ ಎಲ್ಲ ಎಎಂಸಿಗಳೂ ಇಂಥದ್ದನ್ನು ಪತ್ತೆಹಚ್ಚುವ ಸ್ವಂತ ವ್ಯವಸ್ಥೆ ಇಟ್ಟುಕೊಳ್ಳಬೇಕೆಂದು ಸೆಬಿ ಕಟ್ಟಳೆ ಮಾಡಿತು.

ಅಮೆರಿಕದಲ್ಲಿರುವವರಿಗೆ

ಅಲ್ಲಿ 401(ಕೆ) ಎಂಬ ನಿವೃತ್ತಿ ಉಳಿತಾಯ ಖಾತೆಯ ಮೂಲಕ ಫಂಡ್ ಇಟ್ಟುಕೊಂಡ ಕನ್ನಡಿಗರಿಗೆ ದಾರಿ ಸ್ವಲ್ಪ ಬೇರೆ. 2002ರ ಸಾರ್ಬೇನ್ಸ್ ಆಕ್ಸ್‌ಲಿ ಕಾಯ್ದೆಯ ಪ್ರಸಿದ್ಧ 404ನೇ ಕಲಮು, ಅಂದರೆ ನಿಯಂತ್ರಣಗಳ ಮೌಲ್ಯಮಾಪನ, ನೋಂದಾಯಿತ ಫಂಡ್‌ಗಳಿಗೆ ಅನ್ವಯಿಸದು. ಅದೇ ಕಾಯ್ದೆಯ 405ನೇ ಕಲಮು ವಿನಾಯಿತಿ ಕೊಟ್ಟಿದೆ. ಬದಲಿಗೆ ಫಂಡ್ ಪ್ರತಿವರ್ಷ ಎನ್-ಸೆನ್ ಎಂಬ ನಮೂನೆ ಸಲ್ಲಿಸುತ್ತದೆ. 2018ಕ್ಕೆ ಮುಂಚೆ ಇದರ ಜಾಗದಲ್ಲಿ ಎನ್-ಸಾರ್ ಇತ್ತು. ಎನ್-ಸೆನ್ ಜೊತೆ ಆಂತರಿಕ ನಿಯಂತ್ರಣದ ಬಗ್ಗೆ ಆಡಿಟರ್‌ನ ಒಂದು ಪತ್ರ ಲಗತ್ತಾಗಿರುತ್ತದೆ. ನಿಯಂತ್ರಣದ ಬಗ್ಗೆ ಅಭಿಪ್ರಾಯ ಕೊಡುತ್ತಿಲ್ಲ, ಆದರೆ ಆಡಿಟ್ ಮಾಡುವಾಗ ಮಟೀರಿಯಲ್ ವೀಕ್‌ನೆಸ್ ಎನ್ನುವಂಥದ್ದು ಕಾಣಲಿಲ್ಲ, ಅಥವಾ ಕಂಡಿತು, ಎಂದು ಅದು ಹೇಳುತ್ತದೆ. ಅಲ್ಲಿನ ಷೇರುಪೇಟೆ ನಿಯಂತ್ರಕ ಎಸ್‌ಇಸಿಯ ಎಡ್ಗರ್ ತಾಣದಲ್ಲಿ ಫಂಡ್ ಹೆಸರು ಹಾಕಿದರೆ ಸಿಗುತ್ತದೆ. ನಮ್ಮಲ್ಲಿ ಟ್ರಸ್ಟಿಗಳ ಕಪಾಟಿನಲ್ಲೇ ಉಳಿಯುವ ಮಾಹಿತಿಯ ಒಂದು ತುಣುಕು ಅಲ್ಲಿ ಸಾರ್ವಜನಿಕ. ಸೆಬಿ ಇದನ್ನು ಎರವಲು ತಂದರೆ ನಷ್ಟವೇನಿಲ್ಲ.

ಹೆಜ್ಜೆ 8: ಸಹಿ ತಾಳೆ ನೋಡಿ, ಪ್ರಶ್ನೆ ಕಳಿಸಿ

ಆಡಿಟರ್ ಸಹಿಯ ಹತ್ತಿರ ಯುಡಿಐಎನ್ ಎಂಬ 18 ಅಂಕಿ-ಅಕ್ಷರಗಳ ಸಂಖ್ಯೆ ಇರುತ್ತದೆ. 2019ರ ಜುಲೈನಿಂದ ಎಲ್ಲ ಆಡಿಟ್ ವರದಿಗಳಿಗೂ ಕಡ್ಡಾಯ. ಐಸಿಎಐನ ಯುಡಿಐಎನ್ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ಅದನ್ನು ಹಾಕಿ ಪರಿಶೀಲಿಸಬಹುದು. ದೊಡ್ಡ ಫಂಡ್‌ಗಳ ವಿಷಯದಲ್ಲಿ ಇದು ಅತಿಯಾಯಿತು ಎನಿಸಬಹುದು, ಆದರೆ ಹತ್ತಿರದ ಸಹಕಾರಿ ಸಂಘದ ವರದಿ ಕೈಗೆ ಬಂದಾಗ ಇದೇ ಅಭ್ಯಾಸ ಉಪಯೋಗಕ್ಕೆ ಬಂದೀತು.

ಓದುತ್ತ ಹುಟ್ಟಿದ ಪ್ರಶ್ನೆಗಳನ್ನು ಫೋಲಿಯೊ ಸಂಖ್ಯೆ ನಮೂದಿಸಿ ಎಎಂಸಿಯ ಹೂಡಿಕೆದಾರರ ಅಧಿಕಾರಿಗೆ ಬರೆಯಿರಿ. ‘ನಿಮ್ಮ ನಿಯಂತ್ರಣಗಳು ಚೆನ್ನಾಗಿವೆಯೇ’ ಎಂದು ಕೇಳಿದರೆ ಹೌದು ಎಂಬ ಉತ್ತರ ಬರುತ್ತದೆ, ಅದರಿಂದ ಪ್ರಯೋಜನವಿಲ್ಲ. ಹೀಗೆ ಕೇಳಿ: ಕಳೆದ ವರ್ಷ ಪ್ರಕಟಿಸಿದ ಎನ್‌ಎವಿಯನ್ನು ಎಂದಾದರೂ ತಿದ್ದಬೇಕಾಯಿತೇ, ಯೂನಿಟ್‌ದಾರರಿಗೆ ಪರಿಹಾರ ಕೊಟ್ಟಿದ್ದೀರಾ? ರಿಜಿಸ್ಟ್ರಾರ್‌ನಿಂದ ಟೈಪ್ 2 ವರದಿ ಪಡೆಯುತ್ತೀರಾ, ಅದು ಮಾರ್ಚ್ 31ರವರೆಗಿನ ಅವಧಿಯನ್ನು ಒಳಗೊಂಡಿದೆಯೇ? ಮೌಲ್ಯಮಾಪನ ಸಂಸ್ಥೆಯ ಬೆಲೆ ಬಿಟ್ಟು ಬೇರೆ ಬೆಲೆ ಎಷ್ಟು ಸಲ ಹಾಕಿದಿರಿ? ಸ್ಕೀಮ್‌ನ ಆಡಿಟರ್ ಎಷ್ಟು ವರ್ಷದಿಂದ ಇದ್ದಾರೆ?

ಜೊತೆಗೆ ನಿಮ್ಮ ಒಟ್ಟು ಖಾತೆ ವಿವರದಲ್ಲಿರುವ ಯೂನಿಟ್‌ಗಳನ್ನು ಬ್ಯಾಂಕ್ ಪಾಸ್‌ಬುಕ್‌ನ ಕಂತುಗಳ ಜೊತೆ ತಾಳೆ ಮಾಡಿ. ಎಸ್‌ಐಪಿ ಹಣ ಫಂಡ್‌ಗೆ ತಲುಪಿದ ದಿನದ ಎನ್‌ಎವಿ ಸಿಕ್ಕಿದೆಯೇ ನೋಡಿ. 2021ರ ಫೆಬ್ರವರಿಯಿಂದ ಲೆಕ್ಕಕ್ಕೆ ಬರುವುದು ಅರ್ಜಿ ಕೊಟ್ಟ ದಿನ ಅಲ್ಲ, ಹಣ ಕೈಸೇರಿದ ದಿನ. ವ್ಯತ್ಯಾಸ ಕಂಡು ಎಎಂಸಿಯಿಂದ ಸರಿಯಾದ ಉತ್ತರ ಬರದಿದ್ದರೆ ಸೆಬಿಯ ಸ್ಕೋರ್ಸ್ ತಾಣದಲ್ಲಿ ದೂರು ದಾಖಲಿಸಿ. ಎಎಂಸಿಗೆ ಬರೆದ ಪತ್ರ, ಅವರ ಉತ್ತರ, ಆಡಿಟ್ ವರದಿಯ ಸಂಬಂಧಪಟ್ಟ ಪುಟ ಮೂರನ್ನೂ ಲಗತ್ತಿಸಿ. ಪುಟದ ಸಂಖ್ಯೆ ಬರೆಯಲು ಮರೆಯಬೇಡಿ, ಏಕೆಂದರೆ ನೂರಾರು ಪುಟದ ಆ ಕಡತವನ್ನು ಅತ್ತ ಕಡೆ ಕುಳಿತವರೂ ತೆರೆದಿರುವುದಿಲ್ಲ.